ಹುಹಾನಾಳ ಸೀಟು

"ನಿಮ್ಮಕ್ಕ ಹಿಂಬಾಗಿಲಿಂದ ಡಾಕ್ಟರ್ ಕಾಲೇಜಿಗೆ ಹೋದ್ಲು," ಎಂದಳು ಬ್ರೈಡಿ.

ಎಸೆಯಬೇಕಿದ್ದ ನೆಟ್‌ಬಾಲ್ ಮೆರೆಯಾನಳ ಕೈಯಲ್ಲೇ ಉಳಿಯಿತು. "ಏನಂದೆ?"

"ನಿಮ್ಮ ಮಾವೋರಿ ಜನಕ್ಕೆ ಅಂತ ಸೀಟು ಮೀಸಲಿಡ್ತಾರಲ್ಲ, ಅದ್ರಲ್ಲಿ. ನಮ್ಮಣ್ಣಂಗೆ ಅಷ್ಟೊಂದು ಮಾರ್ಕ್ಸ್ ಬಂದ್ರೂ ಸಿಗ್ಲಿಲ್ಲ. ರೂಮಿಂದ ಆಚೆಗೇ ಬರ್ತಿಲ್ಲ ಅವನು."

ಬ್ರೈಡಿ ಒಂದನೇ ಕ್ಲಾಸಿನಿಂದ ಗೆಳತಿ. ಮೆರೆಯಾನ ಬಾಲ್ ಕೆಳಗಿಟ್ಟು ಹೊರಟುಬಿಟ್ಟಳು.

ಶಾಲೆ ಬಿಟ್ಟಮೇಲೆ ಸೀದಾ ಕ್ಲಿನಿಕ್ಕಿಗೆ ಹೋದಳು. ಅಕ್ಕ ಹುಹಾನಾ ಈ ತಿಂಗಳು ಅಲ್ಲೇ ಡಾಕ್ಟರ ಜೊತೆ ಕೆಲಸ ಕಲಿಯುತ್ತಿದ್ದಳು.

"ಅಕ್ಕಾ, ನೀನು ಮೀಸಲು ಸೀಟಲ್ಲಿ ಸೇರಿದ್ದಾ?"

"ಹೌದಲ್ಲ."

"ಹಾಗಾದ್ರೆ ಪರೀಕ್ಷೇನೂ ಸುಲಭನಾ?"

ಹುಹಾನಾ ನಕ್ಕಳು. "ಸುಲಭ ಆಗಿದ್ರೆ ನನ್ನ ಕಣ್ಣು ಹೀಗೆ ಗೂಬೆ ಥರ ಆಗ್ತಿತ್ತೇನೆ? ಸೇರಿದ್ಮೇಲೆ ಎಲ್ರಿಗೂ ಅದೇ ಪೇಪರ್, ಅದೇ ಪಾಸ್ ಮಾರ್ಕು."

"ಮತ್ತೆ ಮೀಸಲು ಯಾಕೆ?"

ಅಷ್ಟರಲ್ಲಿ ಸರದಿಗೆ ಕಾಯುತ್ತ ಕೂತಿದ್ದ ತಾಮತಿ ಅಜ್ಜ ಟೋಪಿ ಹಾಕಿಕೊಂಡು ಬಾಗಿಲ ಕಡೆ ಹೊರಟ. ಹೊಕಿಯಾಂಗ ಕೊಲ್ಲಿಯಲ್ಲಿ ಮೀನು ಹಿಡಿಯುವ ಮುದುಕ. "ನಂಗೇನೂ ಆಗಿಲ್ಲ. ಮಗಳ ಕಾಟಕ್ಕೆ ಬಂದೆ ಅಷ್ಟೆ," ಎಂದ ನರ್ಸಿಗೆ.

ಹುಹಾನಾ ಅವನ ಬಳಿ ಹೋಗಿ ತಮ್ಮ ಮಾವೋರಿ ಭಾಷೆಯಲ್ಲೇ ಮಾತಾಡಿಸಿದಳು. ಅಜ್ಜ ತಿರುಗಿ ನೋಡಿದ. "ಯಾರ ಮೊಮ್ಮಗಳು ನೀನು?"

ಅವಳು ಅಜ್ಜಿಯ ಹೆಸರು ಹೇಳಿದಳು.

"ಓ, ಆ ಜಗಳಗಂಟಿಯ ಮೊಮ್ಮಗಳಾ?" ಎನ್ನುತ್ತ ಅಜ್ಜ ಮತ್ತೆ ಕೂತ. ಮೀನಿನ ಮಾತಾಯಿತು, ಬಲೆಯ ಮಾತಾಯಿತು. ಆಮೇಲೆ ಅವನೇ ಮೆಲ್ಲಗೆ ಬೂಟು ಬಿಚ್ಚಿದ. ಕಾಲ್ಬೆರಳು ಕಪ್ಪಗಾಗಿತ್ತು.

"ಎರಡು ವಾರ ಆಯ್ತು ಮಗಾ. ಯಾರಿಗೂ ತೋರಿಸಿಲ್ಲ. ಈ ಡಾಕ್ಟರುಗಳು ಬೈತಾರೆ ಅಂತ."

"ನಂಗೆ ತೋರಿಸಿದ್ರಲ್ಲ, ಒಳ್ಳೇದಾಯ್ತು," ಎಂದು ಹುಹಾನಾ ಅವನ ಕೈ ಹಿಡಿದು ಒಳಗೆ ಕರೆದೊಯ್ದಳು.

ಸ್ವಲ್ಪ ಹೊತ್ತಿಗೆ ಡಾಕ್ಟರ ದನಿ ಕೇಳಿಸಿತು: "ಈಗಲಾದ್ರೂ ಬಂದ್ರಿ. ಕಾಲು ಉಳೀತು."

ಮೆರೆಯಾನ ತನ್ನ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಮರುದಿನ ಬ್ರೈಡಿ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಮೆರೆಯಾನ ಹೋಗಿ ಪಕ್ಕದಲ್ಲಿ ಕೂತಳು.

"ನಿಮ್ಮಣ್ಣ ಹೇಗಿದಾನೆ?"

"ಪರವಾಗಿಲ್ಲ. ಮತ್ತೆ ಟ್ರೈ ಮಾಡ್ತಾನಂತೆ." ಬ್ರೈಡಿ ಶೂ ಲೇಸ್ ಎಳೆಯುತ್ತ ಕೂತಳು. "ನಿನ್ನೆ ನಾನು ಹಾಗನ್ನಬಾರದಿತ್ತು."

"ಅವನಿಗೂ ಸಿಗ್ಲಿ," ಎಂದಳು ಮೆರೆಯಾನ. ಆಮೇಲೆ ಅವಳ ಕಡೆ ತಿರುಗಿ, "ನಮ್ಮಕ್ಕ ಮೀಸಲು ಸೀಟಲ್ಲೇ ಸೇರಿದ್ದು ಕಣೇ," ಎಂದಳು.

ನಮ್ಮಕ್ಕ ಎತ್ತರ ಇದ್ದಾಳೆ ಅಂದಷ್ಟೇ ಸಲೀಸಾಗಿ ಬಂತು ಆ ಮಾತು.