ಪಕ್ಕದ ಸೈಟಿನಲ್ಲಿ ಬಿದ್ದ ಮೂಟೆಗಳು

ಕೆಟ್ಟ ವಾಸನೆ ಯಾಮಿನಿಗೆ ಮೂಗಿಗಿಂತ ಮೊದಲು ನಾಲಿಗೆಗೆ ತಾಗುತ್ತಿತ್ತು. ಮೊದಲು ಹುಳಿ, ಆಮೇಲೆ ಕಹಿ, ಕೊನೆಗೆ ಗಂಟಲಿನ ಹಿಂದೆ ಕೂತುಬಿಡುವ ಒಂದು ಜಿಗುಟು. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಬಾಯಿ ತುಂಬ ಅದೇ ರುಚಿ.

ಮನೆ ಪಕ್ಕದ ಖಾಲಿ ಸೈಟಿನಲ್ಲಿ ಬಿಳಿ ಮೂಟೆಗಳು ರಾಶಿ ಬಿದ್ದಿದ್ದವು. ನಾಯಿಗಳು ಆಗಲೇ ಹರಿದು ಎಳೆದಾಡಿದ್ದವು. ಕೋಳಿ ಕರುಳು, ಮಗುವಿನ ಡೈಪರ್, ಬೂಸ್ಟು ಹಿಡಿದ ಅನ್ನ, ಅದರ ಮೇಲೆ ಕೊಳೆತ ಮಲ್ಲಿಗೆ ಹೂವು. ಹರಿಯದೆ ಉಳಿದ ಮೂಟೆಗಳ ಮೇಲೆ ನೀಲಿ ಬಣ್ಣದ ಅಕ್ಷರಗಳು ಬಾಗಿಲಿಗೇ ಕಾಣುತ್ತಿದ್ದವು: ಸಂಜೆ ಕಾಲೇಜು ಸೇವಾ ಬಳಗ.

ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಆ ಅಕ್ಷರಗಳನ್ನು ಬರೆದವಳು ಯಾಮಿನಿಯೇ.

ತಾಯಿ ಭದ್ರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಪಕ್ಕದಲ್ಲಿ ನಿಂತರು. "ನಿನ್ನೆ ಊರೆಲ್ಲ ಕ್ಲೀನ್ ಮಾಡಿ ಬಂದೆ ಅಂದಲ್ಲವ್ವಾ. ಅಂಗಾರೆ ಎತ್ತಿದ್ದನ್ನೆಲ್ಲ ಇಲ್ಲಿಗೇ ತಂದು ಸುರಿದ್ರಾ?"

ಯಾಮಿನಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬಾಯಿ ತೆರೆದರೆ ವಾಂತಿಯಾಗುವ ಭಯವಿತ್ತು.

ಹಿಂದಿನ ದಿನ ಎಷ್ಟು ಚೆನ್ನಾಗಿತ್ತು. ಟಿ. ದಾಸರಹಳ್ಳಿಯ ಆ ಸಂಜೆ ಕಾಲೇಜಿನಲ್ಲಿ ಓದುವವರೆಲ್ಲ ಹಗಲಲ್ಲಿ ಪೀಣ್ಯದ ಯಾವುದೋ ಫ್ಯಾಕ್ಟರಿಯಲ್ಲಿ ದುಡಿಯುವವರು. ಇದ್ದೊಂದು ರಜೆಯ ದಿನವನ್ನೂ ಬಿಟ್ಟುಕೊಟ್ಟು ಮೆಟ್ರೋ ಸೇತುವೆ ಕೆಳಗಿನ ಕಸದ ಗುಡ್ಡೆಯನ್ನು ಮೂಟೆ ಕಟ್ಟಿ, ಗೂಡ್ಸ್ ಆಟೋಗೆ ಏರಿಸಿ, ಬರಿದು ಮಾಡಿದ್ದರು. ಗೋಡೆಗೆ ಬಣ್ಣ ಬಳಿದು, ನೆಲಕ್ಕೆ ರಂಗೋಲಿ ಹಾಕಿದ್ದರು. ಬಳಗದ ಮುಂದಾಳು ರುದ್ರೇಶ್. ವಾಲ್ವ್ ತಯಾರಿಸುವ ಫ್ಯಾಕ್ಟರಿಯಲ್ಲಿ ತಪಾಸಣೆ ಕೆಲಸ. ಮಾಸ್ಕಿನ ಮೇಲೆ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. ನಗುವಾಗ ಎಡಗಣ್ಣು ಮೊದಲು ಕಿರಿದಾಗುತ್ತದೆ, ಬಲಗಣ್ಣು ಯೋಚಿಸಿ ಆಮೇಲೆ ಜೊತೆಗೂಡುತ್ತದೆ. ಅಷ್ಟನ್ನು ಗಮನಿಸುವ ಹೊತ್ತಿಗೆ ಯಾಮಿನಿಯ ರಂಗೋಲಿಯ ಎಳೆ ಸೊಟ್ಟಗಾಗಿತ್ತು.

ಎಲ್ಲ ಮುಗಿದ ಮೇಲೆ ಅವನು ಬಣ್ಣದ ಡಬ್ಬ ಹಿಡಿದುಕೊಂಡೇ ಕೇಳಿದ್ದ. "ಮನೇಲಿ ಹೆಣ್ಣು ನೋಡೋಕೆ ಶುರು ಮಾಡಿದ್ದಾರೆ. ನಾನು ನಿಮ್ಮ ಹೆಸರು ಹೇಳ್ಲಾ?"

ಯೋಚಿಸಿ ಹೇಳುತ್ತೇನೆ ಎಂದಿದ್ದಳು. ಯೋಚಿಸುವುದೇನೂ ಇರಲಿಲ್ಲ. ಒಂದು ರಾತ್ರಿ ಆ ಪ್ರಶ್ನೆಯನ್ನು ಇಟ್ಟುಕೊಂಡು ಮಲಗುವ ಆಸೆ, ಅಷ್ಟೇ.

ಸೋಮವಾರ ಸಂಜೆ ಕಾಲೇಜಿನ ಗೇಟಿನಲ್ಲಿ ಅವನು ಕಾಯುತ್ತಿದ್ದ. ತಲೆ ನೀಟಾಗಿ ಬಾಚಿ, ಪೌಡರ್ ಹಾಕಿಕೊಂಡು ಬಂದಿದ್ದ. ಅವಳು ನೇರ ತನ್ನತ್ತ ಬರುವುದನ್ನು ಕಂಡು ಎಡಗಣ್ಣು ಕಿರಿದಾಯಿತು. ಆ ಪೌಡರಿನ ಪರಿಮಳವೂ ಅವಳ ನಾಲಿಗೆಗೆ ಹುಳಿಯಾಗಿಯೇ ತಾಗಿತು.

"ನಿಜ ಹೇಳಿ. ನಿನ್ನೆ ಆ ಗೂಡ್ಸ್ ಆಟೋ ಮೂಟೆಗಳನ್ನ ಎಲ್ಲಿ ಇಳಿಸ್ತು?"

ರುದ್ರೇಶನ ನಗು ನಿಂತಿತು. ಹಸಿ ಕಸ, ಒಣ ಕಸ ಬೇರೆ ಮಾಡದೆ ತುಂಬಿದ್ದರಿಂದ ವಾರ್ಡಿನ ಕಸದ ಗಾಡಿಯವರು ಮುಟ್ಟುವುದಿಲ್ಲ ಎಂದರಂತೆ. ವಿಂಗಡಿಸುತ್ತ ಕೂತರೆ ಸ್ವಚ್ಛವಾದ ಜಾಗದ ವಿಡಿಯೋ ತೆಗೆಯುವಷ್ಟರಲ್ಲಿ ಬೆಳಕು ಹೋಗುತ್ತಿತ್ತಂತೆ. ಅದಕ್ಕೇ ಅವನು ಗೂಡ್ಸ್ ಆಟೋ ಕರೆಸಿ, ಯಾವುದಾದರೂ ಖಾಲಿ ಸೈಟ್ ನೋಡಿ ಹಾಕಪ್ಪ ಎಂದಿದ್ದ.

"ಅವನು ಹಾಕಿದ ಸೈಟಿನ ಪಕ್ಕದ ಮನೆ ನಮ್ಮದು."

ರುದ್ರೇಶನ ಮುಖ ಬಿಳುಚಿತು. "ಅಯ್ಯೋ, ಯಾಮಿನಿ. ನಿಮ್ಮನೆ ಅಂತ ಗೊತ್ತಿದ್ದಿದ್ರೆ..."

"ಬೇರೆಯವರ ಮನೆ ಪಕ್ಕ ಹಾಕಿಸ್ತಿದ್ರಿ."

ಅವನು ಗೇಟಿನಿಂದ ಪಕ್ಕಕ್ಕೆ ಸರಿದ.

"ಮನೇಲಿ ನನ್ನ ಹೆಸರು ಹೇಳ್ಬೇಡಿ," ಎಂದು ಅವಳು ಮೆಟ್ಟಿಲು ಹತ್ತಿದಳು.

ಆ ಸಂಜೆಯ ಪಾಠ ತಲೆಗೆ ಇಳಿಯಲಿಲ್ಲ. ಮನೆಗೆ ಬಂದು ಮೊಸರನ್ನ ಬಾಯಿಗಿಟ್ಟರೆ ಮತ್ತೆ ಅದೇ ಹುಳಿ, ಅದೇ ಜಿಗುಟು. ಕಿಟಕಿ ಮುಚ್ಚಿದರೂ ನೊಣಗಳು ಒಳಗೆ ಬಂದಿದ್ದವು. ಅವನನ್ನು ನೆನೆದರೆ ಅಸಹ್ಯವಾಗುತ್ತಿತ್ತು. ಆದರೆ ಆ ಅಸಹ್ಯವನ್ನು ಪೂರ್ತಿ ಅವನ ಮೇಲೆ ಹಾಕಲೂ ಮನಸ್ಸು ಒಪ್ಪುತ್ತಿರಲಿಲ್ಲ. ಆಟೋ ಹೊರಟಾಗ ಅವಳೂ ಕೈ ಬೀಸಿದ್ದಳು. ಎಲ್ಲಿಗೆ ಎಂದು ಕೇಳಿರಲಿಲ್ಲ. ಕಸ ಕಣ್ಣಿಂದ ಮರೆಯಾದದ್ದೇ ಸಾಕಾಗಿತ್ತು. ಹಾಗಾದರೆ ಗೇಟಿನಲ್ಲಿ ಅಷ್ಟು ಜೋರು ಮಾಡುವ ಹಕ್ಕು ತನಗೆಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೆ ಭದ್ರಮ್ಮ ಕಿಟಕಿಯಿಂದ ಕರೆದರು. "ಯಾವನೋ ಉಡ್ಗ ಸೈಟಲ್ಲಿ ಕುಂತು ವಾಂತಿ ಮಾಡ್ಕತಾವ್ನೆ, ನೋಡವ್ವ."

ರುದ್ರೇಶ್. ಬ್ಯಾನರ್ ಇಲ್ಲ, ಬಳಗದ ಟಿ-ಶರ್ಟ್ ಇಲ್ಲ. ಎರಡು ಟಾರ್ಪಾಲು ಹಾಸಿ, ಮೂಟೆ ಬಿಚ್ಚಿ, ಒಂದೊಂದಾಗಿ ಆರಿಸಿ ಹಾಕುತ್ತಿದ್ದ. ಹಸಿಯದು ಒಂದು ಕಡೆ, ಒಣದು ಇನ್ನೊಂದು ಕಡೆ. ಹುಳ ಹರಿದಾಡುವ ಕವರೊಂದನ್ನು ಎತ್ತಿದವನೇ ಬಾಯಿಗೆ ತೋಳು ಅಡ್ಡ ಹಿಡಿದು ಗೋಡೆ ಕಡೆ ಓಡಿದ. ಬಾಯಿ ಒರೆಸಿಕೊಂಡು ಬಂದು ಅದೇ ಕವರನ್ನು ಮತ್ತೆ ಎತ್ತಿದ.

ಯಾಮಿನಿ ಬಸ್‌ಸ್ಟಾಪಿನ ದಾರಿಯಲ್ಲಿ ಅರ್ಧ ಹೋದಳು. ನಿಂತಳು. ಸೂಪರ್‌ವೈಸರ್‌ಗೆ ಫೋನ್ ಮಾಡಿ ಹೊಟ್ಟೆ ಸರಿಯಿಲ್ಲ ಎಂದಳು, ಅದು ಸುಳ್ಳೂ ಆಗಿರಲಿಲ್ಲ. ವಾಪಸ್ ಬಂದು ಹಳೆ ಬಟ್ಟೆ ಹಾಕಿಕೊಂಡಳು.

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತವಳನ್ನು ಅವನು ನೋಡಿದ, ನಗಲಿಲ್ಲ. ಭಾನುವಾರದ ವಿಡಿಯೋ ಅಳಿಸಿಹಾಕಿಸಿದ್ದಾಗಿಯೂ, ಮೂಟೆಗಳು ಎಲ್ಲಿವೆ, ಯಾರು ಹಾಕಿಸಿದ್ದು ಎಂದು ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಬರೆದಿರುವುದಾಗಿಯೂ ತಲೆ ಬಗ್ಗಿಸಿಕೊಂಡೇ ಹೇಳಿದ.

"ಯಾರಾದ್ರೂ ಬರ್ತೀನಿ ಅಂದ್ರಾ?"

"ಎಲ್ಲ ಥಂಬ್ಸ್ ಅಪ್ ಹಾಕಿದ್ದಾರೆ."

ಅವಳಿಗೆ ನಗು ಬಂತು. ನಗಲು ಉಸಿರೆಳೆದಾಗ ವಾಸನೆಯೂ ಒಳಗೆ ಹೋಗಿ ಕೆಮ್ಮು ಹತ್ತಿತು. ಅವನು ಬೆನ್ನು ತಟ್ಟಲು ಕೈ ಎತ್ತಿದ, ತನ್ನ ಕೈಗವಸು ನೋಡಿಕೊಂಡ, ಇಳಿಸಿದ.

"ನೀವು ಹೇಳಿದ್ದು ಸರಿ," ಎಂದ. "ಬೇರೆಯವರ ಮನೆ ಆಗಿದ್ದಿದ್ರೆ ನನಗೆ ನೆನಪೂ ಇರ್ತಿರ್ಲಿಲ್ಲ. ಅದೇ ನೋಡಿ, ನೆನೆಸ್ಕೊಂಡ್ರೆ ಅಸಹ್ಯ ಆಗುತ್ತೆ."

"ನನಗೂ."

"ನನ್ನ ಮೇಲಾ?"

"ನಿಮ್ಮ ಮೇಲೆ. ನನ್ನ ಮೇಲೂ."

ಇಬ್ಬರೂ ಮತ್ತೆ ಮೂಟೆಗಳತ್ತ ತಿರುಗಿದರು. ಅವನು ಬಿಚ್ಚಿದ, ಅವಳು ಬೇರ್ಪಡಿಸಿದಳು. ಎಲ್ಲಕ್ಕಿಂತ ಕೆಟ್ಟ ಮೂಟೆಗೆ ಇಬ್ಬರ ಕೈಯೂ ಒಟ್ಟಿಗೆ ಹೋಯಿತು. ಅವನು ಬಿಡಲಿಲ್ಲ, ಅವಳೂ ಬಿಡಲಿಲ್ಲ, ಕೊನೆಗೆ ಒಟ್ಟಿಗೇ ಎಳೆದರು. ಕಸದ ಗಾಡಿ ಬಂದಾಗ ಡ್ರೈವರ್ ಇಣುಕಿ ನೋಡಿ, ಹಸಿಯದನ್ನು ಹಾಕಿಸಿಕೊಂಡು, ಒಣದಕ್ಕೆ ಮಧ್ಯಾಹ್ನ ಇನ್ನೊಂದು ಗಾಡಿ ಕಳಿಸುತ್ತೇನೆಂದು ಹೋದ.

ಭದ್ರಮ್ಮ ಹೊಸ್ತಿಲು ದಾಟಲು ಬಿಡದೆ ಇಬ್ಬರನ್ನೂ ಅಂಗಳದಲ್ಲೇ ನಿಲ್ಲಿಸಿ, ಮಾರು ದೂರದಿಂದ ಬಕೆಟ್ ನೀರು ಎರಚಿದರು. ಸೋಪು ತರುತ್ತೇನೆಂದು ಒಳಗೆ ಹೋದವರು, ಹುಡುಗನನ್ನು ಒಮ್ಮೆ ತಿರುಗಿ ನೋಡಿ, ಬೇಗ ಬರಲಿಲ್ಲ.

ರುದ್ರೇಶನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಏನನ್ನೂ ಕೇಳುವ ಧೈರ್ಯ ಅವನಿಗಿರಲಿಲ್ಲ. ಅದನ್ನು ಕಂಡೇ ಯಾಮಿನಿ ಮಾತಾಡಿದಳು.

"ಮನೇಲಿ ನನ್ನ ಹೆಸರು ಹೇಳಿ. ಹೇಳುವಾಗ ಈ ಸೈಟಿನ ವಿಷಯಾನೂ ಹೇಳ್ಬೇಕು. ಯಾರು ಹಾಕಿಸಿದ್ದು, ಯಾಕೆ, ಎಲ್ಲ."

"ಎಲ್ಲಾನೂ?"

"ವಾಂತಿ ಮಾಡಿದ್ದು ಬೇಕಾದ್ರೆ ಬಿಡಿ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಅಷ್ಟು ನೀರು ಸುರಿದರೂ ಹೋಗದ ಗಬ್ಬು ವಾಸನೆ ಅವನ ಜೊತೆಗೇ ಬಂತು, ಮೊದಲು ನಾಲಿಗೆಗೆ, ಆಮೇಲೆ ಗಂಟಲಿಗೆ. ಯಾಮಿನಿ ಮೂಗು ಮುಚ್ಚಿಕೊಳ್ಳಲಿಲ್ಲ. ಅವಳ ಮೈಯೂ ಅಷ್ಟೇ ನಾರುತ್ತಿತ್ತು.