ಆರು ಕಂಬದ ಪಡಸಾಲೆ

“ಕಂಬಕ್ಕೆ ಕಚ್ಚು ಹೊಡೆಯೋಕೆ ಕರೆಂಟ್ ಗರಗಸ ಬೇಕಿತ್ತು.”

ಆ ದನಿ ಕೇಳಿದ್ದೇ ಕಾಂಚನಾ ಲೆಕ್ಕದ ಪುಸ್ತಕ ಮುಚ್ಚಿದಳು. ತಲೆ ಎತ್ತಿದರೆ, ಮುರುಗೇಶ್! ಚಳ್ಳಕೆರೆಯ ಈ ಹಾರ್ಡ್‌ವೇರ್ ಅಂಗಡಿಯಲ್ಲಿ, ಅವಳ ಅಪ್ಪನ ಅಂಗಡಿಯಲ್ಲಿ, ನಾಲ್ಕು ವರ್ಷದ ಮೇಲೆ...

ಕಾಲೇಜಿನ ಆ ದಿನಗಳೇ ಚೆಂದ. ಬಿ.ಜಿ. ಕೆರೆಯಲ್ಲಿ ಬಸ್ ಹತ್ತುತ್ತಿದ್ದ ಅವನು, ತಳಕಿನಲ್ಲಿ ಹತ್ತುವ ಅವಳಿಗಾಗಿ ಕಿಟಕಿ ಸೀಟಿನ ಮೇಲೆ ಪುಸ್ತಕ ಇಟ್ಟಿರುತ್ತಿದ್ದ. ಚಳ್ಳಕೆರೆ ಬರುವವರೆಗೆ ಇಬ್ಬರೂ ಮಾತಾಡಿದ್ದಕ್ಕಿಂತ ಹುರಿದ ಶೇಂಗಾ ತಿಂದದ್ದೇ ಹೆಚ್ಚು.

ಆಮೇಲೆ ಅವನ ಮನೆಯವರು ಹೆಣ್ಣು ನೋಡಲು ಬಂದರು. ಉಪ್ಪಿಟ್ಟು ತಿಂದು ನಗುನಗುತ್ತಾ ಹೋದರು. ಹೋದವರು ಹೋದರು, ಸುದ್ದಿಯೇ ಇಲ್ಲ. ಕಾಲೇಜು ಮುಗಿದಿತ್ತು, ಬಸ್ಸಿನಲ್ಲೂ ಅವನು ಸಿಗಲಿಲ್ಲ.

ನಾನು ಯಾಕೆ ಬೇಡವಾದೆ? ಅದೊಂದನ್ನಾದರೂ ತಿಳಿಯಬೇಕಿತ್ತು ಅವಳಿಗೆ. ಅದು ತಿಳಿಯದೆ ಬೇರೆ ಗಂಡಿಗೆ ಹೂಂ ಅನ್ನಲೂ ಮನಸ್ಸಾಗಿರಲಿಲ್ಲ.

ಆದರೆ ಬಾಯಿಗೆ ಬಂದದ್ದು ವ್ಯಾಪಾರದ ಮಾತೇ.

“ಕಂಬ ಯಾವ ಮರದ್ದು?”

“ಬೇವು. ಆರಿಂಚು ದಪ್ಪ. ತೊಲೆ ಕೂರೋಕೆ ಎರಡಿಂಚು ಕಚ್ಚು ಬೇಕು.”

“ನಿಲ್ಲಿಸಿಬಿಟ್ಟಿದೀರಾ?”

“ಇಲ್ಲ, ಇನ್ನೂ ನೆಲದ ಮೇಲವೆ.”

ಅವನ ಕೈ ಚೈನ್ ಗರಗಸದ ಕಡೆಗೆ ಹೋಯಿತು.

“ಅದು ಮರ ಉರುಳಿಸೋಕೆ. ಕಚ್ಚು ಅಂಕುಡೊಂಕಾಗ್ತೈತೆ. ಈ ದುಂಡು ಬ್ಲೇಡಿಂದು ತಗೊಳ್ಳಿ. ಬ್ಲೇಡನ್ನ ಎರಡಿಂಚು ಆಳಕ್ಕೆ ಇಟ್ಟು ಪಕ್ಕಪಕ್ಕ ಕೊಯ್ದು, ಉಳೀಲಿ ಎಬ್ಬಿಸಿದ್ರೆ ಸಾಕು.” ಅವಳು ಗರಗಸ ಅವನ ಮುಂದಿಟ್ಟಳು. “ಎಷ್ಟು ಕಂಬ?”

“ಆರು. ಮನೆ ಮುಂದೆ ಪಡಸಾಲೆ ಕಟ್ತಿದೀನಿ.”

“ಮದುವೆನಾ?”

ಕೇಳಿದವಳು ಗರಗಸದ ಬೆಲೆಚೀಟಿ ತಿರುವತೊಡಗಿದಳು.

“ಯಾರು ಕೊಡ್ತಾರೆ? ಮನೆ ಚಿಕ್ಕದು ಅಂತ ನಿಮ್ಮಪ್ಪ ನೋಡೋಕೂ ಬರಲಿಲ್ಲ. ಅದಕ್ಕೇ ದೊಡ್ಡದು ಮಾಡ್ತಿದೀನಿ.”

ಕಾಂಚನಾ ದಂಗಾದಳು.

“ಕರೆದಿದ್ರೆ ತಾನೇ ಬರೋದು? ಕರೀದೆ ಗಂಡಿನ ಮನೆ ಹೊಸ್ತಿಲು ತುಳೀಬಾರದು ಅಂತ ಅಪ್ಪ ಹೊಸ ಪಂಚೆ ತಂದಿಟ್ಕೊಂಡು ಎರಡು ತಿಂಗಳು ಕಾದ್ರು.”

“ಹೆಣ್ಣಿನ ಕಡೆಯೋರು ತಾವಾಗೇ ಬರ್ತಾರೆ ಅಂತ ನಮ್ಮವ್ವ ದಿನಾ ಒಂದು ಲೋಟ ಹಾಲು ಜಾಸ್ತಿನೇ ತಗೊಳ್ತಿದ್ಲು...”

ಹಿರಿಯರ ಮರ್ಯಾದೆ ಉಳಿಯಿತು, ಕಿರಿಯರ ನಾಲ್ಕು ವರ್ಷ ಹೋಯಿತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ಗರಗಸಕ್ಕೆ ಬೇರೆ ಅಂಗಡಿ ಇರಲಿಲ್ವಾ?”

“ಐದು ಅಂಗಡಿ ದಾಟಿ ಬಂದೆ. ನಿನ್ನ ಮದುವೆ ಆಗೈತಾ ಅಂತ ನೋಡ್ಬೇಕಿತ್ತು, ಕಾಂಚನಾ.”

“ಆಗಿಲ್ಲ.”

“ಹಂಗಾದ್ರೆ... ಪಡಸಾಲೆ ಮುಗಿದ ಮೇಲೆ ಕರೀಲಾ?”

“ಇನ್ನೂ ಕಾಯ್ಬೇಕಾ? ಅಪ್ಪ ಒಳಗೆ ಊಟ ಮಾಡ್ತಿದಾರೆ. ಈಗ್ಲೇ ಕರೀರಿ.”

ಮುರುಗೇಶ್ ಚಪ್ಪಲಿ ಬಿಟ್ಟು ಒಳಬಾಗಿಲ ಬಳಿ ನಿಂತ.

“ಮಾವ... ನಮ್ಮನೆ ನೋಡೋಕೆ ಬರ್ರಿ. ಪಡಸಾಲೆ ಇನ್ನೂ ಆಗಿಲ್ಲ.”

ಒಳಗೆ ತಟ್ಟೆ ಸರಿಸಿದ ಸದ್ದಾಯಿತು. ಹಿಂದೆಯೇ ಅವಳಪ್ಪ ಜಂಬುಲಿಂಗಪ್ಪನವರ ದನಿ ಬಂತು.

“ಕೈ ತೊಳ್ಕೊಂಡು ಬಂದೆ, ಇರಪ್ಪ.”