ರಾಜೇಶ್ವರಕ್ಕೆ ಹೋದ ಬಂದೂಕು

ನಾಲ್ಕು ಹೆಜ್ಜೆ ದೂರದಲ್ಲಿ ತುಳಜಾರಾಮ. ಕೈಯಲ್ಲಿ ಕೊಡಲಿ. ಹಿಂದೆ ಇನ್ನಿಬ್ಬರು.

ನನ್ನ ಜೋಡಿ ನಳಿಗೆ ಬಂದೂಕು ಅವನ ಎದೆಗೇ ಗುರಿಯಿಟ್ಟಿತ್ತು. ಎರಡರಲ್ಲೂ ತೋಟಾ ಇತ್ತು.

ತೊಂದರೆ ಒಂದೇ... ಟ್ರಿಗರ್ ಮೇಲಿದ್ದ ಬೆರಳು ಬಗ್ಗುವುದಿಲ್ಲ.

ಅದು ಅವನಿಗೆ ಗೊತ್ತಿರಲಿಲ್ಲ.

ಕೇಳಿ, ನಾನು ಮಹಾರುದ್ರಪ್ಪ. ಹುಮನಾಬಾದಿನ ಬೇಳೆ ವ್ಯಾಪಾರಿಗಳ ಕ್ಯಾಶ್ ಕಾಯುತ್ತ ಬಸ್ಸು, ಲಾರಿ ಹತ್ತಿ ಇಳಿದವನು. ಎಪ್ಪತ್ತೆರಡನೇ ಇಸವಿಯಲ್ಲಿ ಮುಡಬಿ ರಸ್ತೆಯಲ್ಲಿ ದರೋಡೆಕೋರರು ರಾಡಿನಿಂದ ನನ್ನ ಬಲಗೈ ಜಜ್ಜಿದರು.

ಕ್ಯಾಶ್ ಉಳಿಯಿತು. ಕೈ ಉಳಿಯಲಿಲ್ಲ.

ಎರಡು ವರ್ಷ ಎಣ್ಣೆ ತಿಕ್ಕಿದೆ. ಒಂದು ಬೆರಳೂ ಬಗ್ಗಲಿಲ್ಲ. ಎಡಗೈಯಲ್ಲಿ ಗುಂಡು ಹೊಡೆದು ನೋಡಿದೆ. ಎದುರಿಗಿದ್ದ ಮಡಕೆಯೂ ಒಡೆಯಲಿಲ್ಲ.

ಸಾಕಾಯಿತು. ಬಂದೂಕು ಮಾರಿಬಿಡೋಣ ಅಂದುಕೊಂಡೆ.

ಕೊಳ್ಳುವವರು ರಾಜೇಶ್ವರದ ಶಕುಂತಲಾಬಾಯಿ. ಗಂಡ ತೀರಿಕೊಂಡಿದ್ದರು. ಹೊಲದ ಮೇಲೆ ಮೈದುನ ತುಳಜಾರಾಮನ ಕಣ್ಣು. ಬಸವಕಲ್ಯಾಣಕ್ಕೆ ಅಲೆದಲೆದು ಆಕೆ ಲೈಸೆನ್ಸ್ ಮಾಡಿಸಿಕೊಂಡಿದ್ದರು. ಅವರ ಮನೆಯಂಗಳದಲ್ಲಿ ಕೂತು ನಾನು ಬಂದೂಕು ಬಿಚ್ಚಿ ತೋರಿಸುತ್ತಿದ್ದಾಗಲೇ ಅವನು ಅಂಗಳದ ಬಾಗಿಲು ಒದ್ದ. ಎಡಗೈಯಲ್ಲಿ ತೋಟಾ ತುರುಕಿ ಎದ್ದು ನಿಂತೆ.

"ಇದು ನಮ್ಮ ಮನಿ ಮಾತದ," ಎಂದ ತುಳಜಾರಾಮ. "ನಡುವ ನೀ ಯಾರು?"

"ಇನ್ನೊಂದ್ ಹೆಜ್ಜಿ ಇಡು. ತಿಳಸ್ತೀನಿ."

ಅವನ ಕಣ್ಣು ನನ್ನ ಬೆರಳಿಗೆ ಇಳಿಯಿತು. ಅಲ್ಲೇ ನಿಂತಿತು. ನಿಧಾನವಾಗಿ ನಕ್ಕ.

"ಬಟ್ಟ ಯಾಕ ಹಂಗ ನೆಟ್ಟಗದ?"

ಅವನು ಹೆಜ್ಜೆ ಇಟ್ಟ.

"ಇಲ್ಲಿ ಕೊಡ್ರಿ, ಅಣ್ಣಾರ."

ಪಕ್ಕದಲ್ಲಿ ಶಕುಂತಲಾಬಾಯಿ. ಬಂದೂಕು ನನ್ನ ಕೈಯಿಂದ ಆಗಲೇ ಹೋಗಿತ್ತು.

ಢಂ!

ತುಳಜಾರಾಮನ ಕಾಲ ಮುಂದಿನ ಮಣ್ಣು ಎಗರಿತು. ಕೊಡಲಿ ಬಿತ್ತು.

"ಇನ್ನೊಂದು ಅದ," ಎಂದರು ಆಕೆ. "ಅದು ಮಣ್ಣಿಗಲ್ಲ."

ಮೂವರೂ ಓಡಿದರು.

"ಎಲ್ಲಿ ಕಲ್ತ್ರಿ, ತಂಗಿ?"

"ಹೊಲದಾಗ ಹಂದಿ ಕಾಯಾಕ ಹೋದಾಗ ನಮ್ಮ ಮನಿಯವರು ಕಲಿಸಿದ್ರು." ಆಕೆ ನನ್ನ ಮುಖ ನೋಡಿದರು. "ಕೊಡಾಕ ಮನಸಿಲ್ಲೇನ್ರಿ?"

ನನ್ನ ಕೆನ್ನೆ ತಾಗಿ ತಾಗಿ ನುಣುಪಾಗಿದ್ದ ಬಂದೂಕಿನ ಮರ ಆಕೆಯ ಹೆಗಲಿಗೆ ಒರಗಿತ್ತು. ಅಲ್ಲಿ ಸರಿಯಾಗಿ ಕೂತಿತ್ತು. ಅದೇ ಹೆಚ್ಚು ನೋಯಿಸಿತು.

"ಮಳಿಗಾಲದಾಗ ಎಣ್ಣಿ ಹಚ್ಚೋದು ಮರೀಬ್ಯಾಡ್ರಿ," ಎಂದೆ. ಉಳಿದ ತೋಟಾಗಳನ್ನೂ ಆಕೆಯ ಮುಂದಿಟ್ಟೆ.

ಸಂಜೆ ಹುಮನಾಬಾದ್ ಬಸ್ಸು ಹತ್ತಿದೆ. ತುಂಬಿತ್ತು. ಹೆಗಲಲ್ಲಿ ಬಂದೂಕಿದ್ದಾಗ ಜನ ತಾವೇ ಎದ್ದು ಜಾಗ ಬಿಡುತ್ತಿದ್ದರು. ನನ್ನ ವಯಸ್ಸಿಗೆ ಕೊಡುವ ಮರ್ಯಾದೆ ಅಂದುಕೊಂಡಿದ್ದೆ.

ಅವತ್ತು ಊರು ಮುಟ್ಟುವವರೆಗೂ ನಿಂತೇ ಬಂದೆ.